ರ‍್ಯಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಹಳೇದು ವಾಪಸ್ ಹಾಕಿದ್ರೂ ಅಷ್ಟೇ

ಸಿರ್ಸಿ_ಟೈಪಿಂಗ್
ಎಲ್ಲರಿಗೂ ನಮಸ್ಕಾರ. ಸಿರ್ಸಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಅಂಗಡಿಯ ಲ್ಯಾಪ್‌ಟಾಪ್ 2015ರದ್ದು. ಐ3-5005ಯು ಪ್ರೊಸೆಸರ್, 4 ಜಿಬಿ ರ‍್ಯಾಮ್. ಮೊದಲು ವಿಂಡೋಸ್ 7 ಇತ್ತು, ಆಮೇಲೆ ಅದರ ಮೇಲೇ 10 ಹಾಕಿಸಿದ್ದು. ನುಡಿಯಲ್ಲಿ ಟೈಪ್ ಮಾಡುವಷ್ಟಕ್ಕೆ ಏನೂ ತೊಂದರೆ ಇರಲಿಲ್ಲ. ಈಗ ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಅಂತ ಜನ ಬರುತ್ತಾರೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಮೌಸೂ ಅಲ್ಲಾಡುವುದಿಲ್ಲ.

ಅದಕ್ಕೆ 8 ಜಿಬಿಯ ಒಂದು ರ‍್ಯಾಮ್ ಆನ್‌ಲೈನ್‌ನಲ್ಲಿ ತರಿಸಿದೆ. ಸೆಕೆಂಡ್ ಹ್ಯಾಂಡ್. ಡಿಡಿಆರ್3, ಡಿಡಿಆರ್3ಎಲ್ ಎಂಬ ರ‍್ಯಾಮ್ ಜಾತಿಗಳು ಬೇಕಾದ ಎರಡೂ ಬಗೆಯ ಲ್ಯಾಪ್‌ಟಾಪ್‌ಗೆ ಆಗುತ್ತದೆ ಎಂದು ಪುಟದಲ್ಲಿ ಬರೆದಿದ್ದರು. ತಮ್ಮ ಹಿಂದಿನ ಮುಚ್ಚಳ ಬಿಚ್ಚಿ ಖಾಲಿ ಸ್ಲಾಟ್‌ಗೆ ಹಾಕಿದ. ಸಲೀಸಾಗಿ ಒಳಗೆ ಹೋಯಿತು. ಪವರ್ ಬಟನ್ ಒತ್ತಿದರೆ ಲೈಟ್ ಬರುತ್ತದೆ, ಫ್ಯಾನ್ ಸ್ವಲ್ಪ ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಪರದೆ ಮಾತ್ರ ಕಪ್ಪು.

ಹೊಸದನ್ನು ತೆಗೆದರೂ ಹಾಗೇ. ಹಳೇದನ್ನು ಬಿಚ್ಚಿ ಮತ್ತೆ ಹಾಕಿದರೂ ಹಾಗೇ. ಮದರ್‌ಬೋರ್ಡ್ ಹೋಯ್ತಾ? ಅರ್ಜಿ ಹಾಕುವವರು ಬಂದು ಬಂದು ವಾಪಸ್ ಹೋಗುತ್ತಿದ್ದಾರೆ. ದಯವಿಟ್ಟು ಯಾರಾದರೂ ಹೇಳಿ.

ಹಳೇ_ಪೆಂಟಿಯಂ
ವಿಂಡೋಸ್ ಕರಪ್ಟ್ ಆಗಿರುತ್ತೆ ಮೇಡಂ. ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹಾಕಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿ. ನಮ್ಮ ಆಫೀಸಿನಲ್ಲೂ ಒಂದು ಸಲ ಹೀಗೇ ಆಗಿತ್ತು.

ದಾವಣಗೆರೆ_ರಿಪೇರಿ
ಅಕ್ಕ, ಸದ್ಯಕ್ಕೆ ವಿಂಡೋಸ್ ಸುದ್ದಿಗೇ ಹೋಗಬೇಡಿ. ಪರದೆಯಲ್ಲಿ ಕಂಪನಿಯ ಲೋಗೋನೇ ಬಂದಿಲ್ಲ. ಅಂದರೆ ಯಂತ್ರ ಇನ್ನೂ ಹಾರ್ಡ್ ಡಿಸ್ಕ್ ಹತ್ತಿರವೇ ಹೋಗಿಲ್ಲ. ಬಟನ್ ಒತ್ತಿದ ಕೂಡಲೇ ಬಯೋಸ್ (ವಿಂಡೋಸ್‌ಗೂ ಮುಂಚೆ ಬೋರ್ಡ್‌ನಲ್ಲೇ ಓಡುವ ಪ್ರೋಗ್ರಾಂ) ಮೊದಲು ಹುಡುಕುವುದೇ ರ‍್ಯಾಮ್. ಅದು ಸರಿಯಾಗಿ ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. ಫ್ಯಾನ್ ತಿರುಗಿ ನಿಂತು ಮತ್ತೆ ತಿರುಗುವುದು ಅದಕ್ಕೇ, ಅದು ಪದೇ ಪದೇ ಪ್ರಯತ್ನ ಮಾಡುತ್ತಿದೆ. ಪೂರ್ತಿ ಸತ್ತ ಬೋರ್ಡ್ ಇಷ್ಟೆಲ್ಲ ಒದ್ದಾಡುವುದು ಕಡಿಮೆ. ಹಾಗಾಗಿ ಧೈರ್ಯವಾಗಿರಿ.

ಮೂರು ವಿಷಯ ಹೇಳಿ. ಬೀಪ್ ಸದ್ದು ಬರುತ್ತಾ? ಕ್ಯಾಪ್ಸ್ ಲಾಕ್ ಅಥವಾ ಬ್ಯಾಟರಿ ಲೈಟ್ ಎಣಿಸುವ ಹಾಗೆ ಮಿನುಗುತ್ತಾ? ರ‍್ಯಾಮ್ ಹಾಕುವಾಗ ಬ್ಯಾಟರಿ ತೆಗೆದಿದ್ದರಾ?

ಸಿರ್ಸಿ_ಟೈಪಿಂಗ್
ಬೀಪ್ ಇಲ್ಲ. ಲೈಟ್ ಮಿನುಗುವುದಿಲ್ಲ, ಸುಮ್ನೆ ಉರಿಯುತ್ತದೆ. ಚಾರ್ಜರ್ ತೆಗೆದಿದ್ದ, ಬ್ಯಾಟರಿ ಒಳಗೇ ಇತ್ತಂತೆ. ಬ್ಯಾಟರಿ ಹೊರಗಿನಿಂದಲೇ ತೆಗೆಯುವಂಥದ್ದು, ಕೆಳಗೆ ಎರಡು ಲಾಚ್ ಇವೆ.

ಕರಾವಳಿ_ಲಿನಕ್ಸ್
ಲೈಟ್ ಕೇಳಿದ್ದು ಯಾಕೆಂದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಅದರಲ್ಲೇ ರೋಗ ಹೇಳಿಬಿಡುತ್ತವೆ. ಉದಾಹರಣೆಗೆ ಡೆಲ್‌ನ ಹಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಲೈಟ್ 2 ಸಲ ಹಳದಿ, 3 ಸಲ ಬಿಳಿ ಮಿನುಗಿದರೆ ರ‍್ಯಾಮ್ ಸಿಗಲಿಲ್ಲ ಎಂದು ಅರ್ಥ. 2 ಮತ್ತು 4 ಆದರೆ ರ‍್ಯಾಮ್ ಕೆಟ್ಟಿದೆ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ನೋಡಬೇಕು. ನಿಮ್ಮದರಲ್ಲಿ ಅಂಥದ್ದೇನೂ ಇಲ್ಲ, ಹಾಗಾಗಿ ಕೈಯಿಂದಲೇ ಹುಡುಕಬೇಕು.

ದಾವಣಗೆರೆ_ರಿಪೇರಿ
ಸರಿ ಅಕ್ಕ. ಹೊಸ ರ‍್ಯಾಮ್ ವಿಚಾರ ಆಮೇಲೆ ನೋಡೋಣ. ಮೊದಲು ಯಂತ್ರ ನಿನ್ನೆ ಹೇಗಿತ್ತೋ ಹಾಗೆ ಬರಲಿ. ಹಳೇ 4 ಜಿಬಿ ಒಂದೇ ಇಟ್ಟುಕೊಂಡು ಮಾಡಿ.

ಚಾರ್ಜರ್ ತೆಗೆಯಿರಿ, ಲಾಚ್ ಎಳೆದು ಬ್ಯಾಟರಿಯನ್ನೂ ತೆಗೆಯಿರಿ. ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಪೂರ್ತಿ ಹೋಗಬೇಕು. ಹೊಸ ರ‍್ಯಾಮ್ ಜೊತೆ ಎಡವಿದ ಸ್ಥಿತಿ ಇನ್ನೂ ಒಳಗೆ ಹಾಗೇ ಉಳಿದಿದ್ದರೆ ಅದೂ ಇದರಿಂದ ಹೋಗುತ್ತದೆ. ಆಮೇಲೆ ಕೈಯನ್ನು ಕಬ್ಬಿಣದ ಕಿಟಕಿ ಸರಳಿಗೋ ಗೋದ್ರೇಜ್ ಬೀರುವಿಗೋ ಒಮ್ಮೆ ಮುಟ್ಟಿಸಿ, ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಹೋಗಲಿ, ಆಮೇಲೆ ಕೆಲಸ ಶುರು ಮಾಡಿ.

ಈಗ ರ‍್ಯಾಮ್ ಕೂರಿಸುವುದು. ಎಂಬತ್ತು ಭಾಗ ಕೇಸ್ ಇಲ್ಲೇ ಇರುತ್ತೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಎರಡು ಪಕ್ಕದ ಕ್ಲಿಪ್‌ಗಳನ್ನು ಬೆರಳಿನಿಂದ ಹೊರಗೆ ಸರಿಸಿದರೆ ರ‍್ಯಾಮ್ ತಾನಾಗಿ ಮೇಲೆ ಏಳುತ್ತದೆ. ಓರೆಯಾಗಿ ಎಳೆದು ತೆಗೆಯಿರಿ. ವಾಪಸ್ ಹಾಕುವಾಗಲೂ ಮಲಗಿಸಿ ತಳ್ಳಬಾರದು. ಸುಮಾರು 30 ಡಿಗ್ರಿ ಓರೆಯಲ್ಲಿ, ಕಚ್ಚು ಸರಿಯಾಗಿ ಹೊಂದಿಸಿ, ಒಳಗೆ ಪೂರ್ತಿ ತಳ್ಳಿ. ಪೂರ್ತಿ ಹೋಗಿದೆಯಾ ಅಂತ ತಿಳಿಯುವುದು ಹೇಗೆ? ಆ ಬಂಗಾರದ ಹಲ್ಲುಗಳಿವೆಯಲ್ಲ, ಅವು ಒಂದು ಕೂದಲೆಳೆಯಷ್ಟು ಕಂಡರೆ ಸರಿ. ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಮ್ಮಿ ಕಂಡರೆ ಅದು ಸೊಟ್ಟ ಕೂತಿದೆ ಅಂತ. ಆಮೇಲೆ ಕೆಳಗೆ ಒತ್ತಿ. ಎರಡೂ ಕ್ಲಿಪ್ ಟಕ್ ಅನ್ನಬೇಕು. ಒಂದೇ ಟಕ್ ಸಾಲದು.

ಮೈಸೂರು_ಮಲ್ಲಿ
ಹಾಕುವ ಮೊದಲು ಆ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ. ಮಲೆನಾಡಿನ ಮಳೆ, ತೇವ. ಕಪ್ಪು ಹಿಡಿದಿರುತ್ತೆ.

ಕರಾವಳಿ_ಲಿನಕ್ಸ್
ರಬ್ಬರ್ ಬೇಡ ಮಾರಾಯ್ರೆ. ಆ ಬಂಗಾರದ ಲೇಪ ತುಂಬಾ ತೆಳು, ಉಜ್ಜಿದಷ್ಟೂ ಸವೆಯುತ್ತದೆ. ರಬ್ಬರ್ ಪುಡಿ ಸ್ಲಾಟ್ ಒಳಗೆ ಬಿದ್ದರೆ ಅದೇ ಹೊಸ ತೊಂದರೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿ ಬಟ್ಟೆಗೆ ಹಾಕಿ ಒರೆಸಿದರೆ ಸಾಕು.

ದಾವಣಗೆರೆ_ರಿಪೇರಿ
ಸಿರ್ಸಿಯಲ್ಲಿ ಈಗ ಐಸೊಪ್ರೊಪೈಲ್ ಎಲ್ಲಿ ಹುಡುಕ್ತಾರೆ ಅಣ್ಣ? ಅಂಗಡಿಯಲ್ಲಿ ನಾವೆಲ್ಲ ದಿನಾ ರಬ್ಬರೇ. ಮೆದು ಬಿಳಿ ರಬ್ಬರ್, ಮೆಲ್ಲಗೆ ಒಂದೇ ಸಲ, ಸ್ಲಾಟ್‌ನಿಂದ ದೂರ ಕೂತು. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತೆ.

ಸಿರ್ಸಿ_ಟೈಪಿಂಗ್
ಬಂತು!! ಲೋಗೋ ಬಂತು!

ತಮ್ಮನ ಹತ್ತಿರ ಟಾರ್ಚ್ ಹಿಡಿಸಿ ನಾನೇ ನೋಡಿದೆ. ಎಡಗಡೆಯ ಕ್ಲಿಪ್ ಕಚ್ಚಿಯೇ ಇರಲಿಲ್ಲ, ಆ ಕಡೆ ಹಲ್ಲುಗಳು ಚೆನ್ನಾಗಿ ಕಾಣುತ್ತಿದ್ದವು. ನೀವು ಹೇಳಿದ ಹಾಗೆ ತೆಗೆದು ಓರೆಯಲ್ಲಿ ಒತ್ತಿ ಹಾಕಿದೆ. ಎರಡು ಟಕ್ ಕೇಳಿಸಿತು.

ಆದರೆ ಲೋಗೋ ಆದ ಮೇಲೆ ಈಗ ಬೇರೆ ಕಥೆ. ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಬೂಟ್ ಡಿವೈಸ್ ಸಿಗಲಿಲ್ಲ, ಹಾರ್ಡ್ ಡಿಸ್ಕ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಹಾಕಿ ಅಂತ ಬರುತ್ತಿದೆ. ಹಾರ್ಡ್ ಡಿಸ್ಕೂ ಹೋಯ್ತಾ? ಅದರಲ್ಲಿ ಜನರ ದಾಖಲೆಗಳಿವೆ.

ಹಳೇ_ಪೆಂಟಿಯಂ
ನಾನು ಆಗಲೇ ಹೇಳಿದ್ದೆ ನೋಡಿ, ವಿಂಡೋಸ್ ಅಂತ. ಈಗಲಾದರೂ ಫಾರ್ಮ್ಯಾಟ್ ಹೊಡೆಯಿರಿ.

ಕರಾವಳಿ_ಲಿನಕ್ಸ್
ಬೇಡ! ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ಪೆನ್‌ಡ್ರೈವ್ ಹಾಕಲೇಬೇಡಿ. ಆ ಸಂದೇಶದ ಅರ್ಥ ಡಿಸ್ಕ್ ಹೋಗಿದೆ ಅಂತಲ್ಲ. ಬಯೋಸ್‌ಗೆ ಅದರಿಂದ ಹೇಗೆ ಶುರು ಮಾಡುವುದು ಗೊತ್ತಾಗುತ್ತಿಲ್ಲ ಅಂತ ಅಷ್ಟೇ.

ನನ್ನ ಊಹೆ ಹೀಗೆ. ಬೋರ್ಡ್ ಮೇಲೆ ನಾಣ್ಯದಂಥ ಒಂದು ಸಣ್ಣ ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಗಡಿಯಾರ ಮತ್ತು ಬಯೋಸ್ ಸೆಟ್ಟಿಂಗ್ ಅದರ ಮೇಲೆ ನಿಂತಿರುತ್ತವೆ. 2015ರ ಸೆಲ್ ಈಗ ಸತ್ತಿರುವ ಸಾಧ್ಯತೆ ಜಾಸ್ತಿ. ಇಷ್ಟು ದಿನ ದೊಡ್ಡ ಬ್ಯಾಟರಿ ಒಳಗಿದ್ದದ್ದರಿಂದ ಗೊತ್ತಾಗಿಲ್ಲ. ಈಗ ಚಾರ್ಜರ್, ಬ್ಯಾಟರಿ ಎರಡೂ ತೆಗೆದ ಕೂಡಲೇ ಸೆಟ್ಟಿಂಗ್ ಎಲ್ಲ ಅಳಿಸಿ ಕಂಪನಿಯಿಂದ ಬಂದಾಗ ಇದ್ದ ಹಾಗೆ ಆಗಿದೆ. ಬಯೋಸ್ ಒಳಗೆ ಹೋಗಿ ತಾರೀಖು ಎಷ್ಟಿದೆ ನೋಡಿ. ಆನ್ ಮಾಡಿದ ಕೂಡಲೇ ಎಫ್2 ಅಥವಾ ಎಫ್10 ಒತ್ತುತ್ತಾ ಇರಿ, ಕಂಪನಿ ಮೇಲೆ ಬದಲಾಗುತ್ತದೆ.

ಸಿರ್ಸಿ_ಟೈಪಿಂಗ್
ಎಫ್10ಕ್ಕೆ ತೆರೆಯಿತು. ತಾರೀಖು 2015 ಜನವರಿ 1. ಹಾರ್ಡ್ ಡಿಸ್ಕ್ ಹೆಸರು ಪಟ್ಟಿಯಲ್ಲಿ ಕಾಣುತ್ತಿದೆ, 500 ಜಿಬಿ ಅಂತ.

ಕರಾವಳಿ_ಲಿನಕ್ಸ್
ಡಿಸ್ಕ್ ಬದುಕಿದೆ, ನಿರಾಳವಾಗಿರಿ. ನಿಮ್ಮಲ್ಲಿ ಮೊದಲು ವಿಂಡೋಸ್ 7 ಇತ್ತು ಎಂದಿರಿ. ಆ ಕಾಲದಲ್ಲಿ ಅಂಗಡಿಯವರು 7 ಅನ್ನು ಬಹುತೇಕ ಲೆಗಸಿ ಮೋಡ್‌ನಲ್ಲೇ, ಅಂದರೆ ಬೂಟ್ ಆಗುವ ಹಳೇ ರೀತಿಯಲ್ಲೇ, ಹಾಕುತ್ತಿದ್ದರು. ಅದರ ಮೇಲೇ 10 ಹಾಕಿದರೆ ಮೋಡ್ ಬದಲಾಗುವುದಿಲ್ಲ. ಈಗ ಬಯೋಸ್ ಮೊದಲಿನಂತಾಗಿ ಯುಇಎಫ್‌ಐ ಎಂಬ ಹೊಸ ರೀತಿಯ ಮೋಡ್‌ಗೆ ಹೋಗಿದೆ, ಅದಕ್ಕೆ ಹಳೇ ರೀತಿಯ ಡಿಸ್ಕ್‌ನಿಂದ ಬೂಟ್ ಆಗಲು ಬರುವುದಿಲ್ಲ.

ಬೂಟ್ ಆಪ್ಷನ್ಸ್ ಒಳಗೆ ಲೆಗಸಿ ಸಪೋರ್ಟ್ ಅಂತ ಇರುತ್ತದೆ, ಎನೇಬಲ್ ಮಾಡಿ. ಸೆಕ್ಯೂರ್ ಬೂಟ್ ಅನ್ನು ಡಿಸೇಬಲ್ ಮಾಡು ಅಂತ ಕೇಳಿದರೆ ಮಾಡಿ. ತಾರೀಖು, ಸಮಯ ಸರಿ ಮಾಡಿ. ಎಫ್10 ಒತ್ತಿ ಸೇವ್ ಮಾಡಿ ಹೊರಗೆ ಬನ್ನಿ. ಬದಲಾವಣೆ ಖಚಿತಪಡಿಸಲು ನಾಲ್ಕಂಕಿ ಕೋಡ್ ತೋರಿಸಿ ಟೈಪ್ ಮಾಡು ಎಂದರೆ ಗಾಬರಿ ಬೇಡ, ಅದನ್ನೇ ಟೈಪ್ ಮಾಡಿ ಎಂಟರ್ ಒತ್ತಿ.

ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಇದು ಇವರ ಕೇಸ್‌ಗೆ ಮಾತ್ರ. ಇತ್ತೀಚಿನ ಲ್ಯಾಪ್‌ಟಾಪ್ ಯುಇಎಫ್‌ಐನಲ್ಲೇ ಇರುತ್ತದೆ, ಅದರಲ್ಲಿ ಹೋಗಿ ಲೆಗಸಿ ಮಾಡಿದರೆ ಚೆನ್ನಾಗಿ ನಡೆಯುತ್ತಿದ್ದದ್ದೂ ನಿಲ್ಲುತ್ತದೆ.

ಸಿರ್ಸಿ_ಟೈಪಿಂಗ್
ವಿಂಡೋಸ್ ತೆರೆಯಿತು. ಫೈಲೆಲ್ಲ ಇದ್ದಲ್ಲೇ ಇವೆ. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಇವತ್ತು ಬ್ಯಾಟರಿ ತೆಗೆಯುವುದೇ ಇಲ್ಲ.

ಮೈಸೂರು_ಮಲ್ಲಿ
ತಾರೀಖು ಸರಿ ಮಾಡಿದ್ದು ಒಳ್ಳೆಯದಾಯಿತು. 2015 ಅಂತಲೇ ಬಿಟ್ಟಿದ್ದರೆ ಬ್ರೌಸರ್ ಎಲ್ಲ ಸೈಟಿಗೂ ಸುರಕ್ಷಿತವಲ್ಲ ಅಂತ ತಕರಾರು ಮಾಡುತ್ತಿತ್ತು. ಆ ಸೈಟುಗಳ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ! ಸಿಆರ್2032 ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತೆ. ಆದರೆ ಕೆಲವು ಲ್ಯಾಪ್‌ಟಾಪ್‌ನಲ್ಲಿ ಸೆಲ್‌ಗೆ ವೈರ್ ಬೆಸೆದಿರುತ್ತೆ, ಮೊದಲು ನೋಡಿ ತನ್ನಿ.

ಜಯನಗರ_4ನೇ_ಬ್ಲಾಕ್
ಇದೇ ಜಾಗದಲ್ಲಿ ನನ್ನದೂ ಒಂದು. ಹೊಸ ಲ್ಯಾಪ್‌ಟಾಪ್, ಡಿಡಿಆರ್5. 16 ಜಿಬಿ ತೆಗೆದು 32 ಜಿಬಿ ಹಾಕಿದೆ. ಲೈಟ್ ಇದೆ, ಪರದೆ ಕಪ್ಪು. ಆಫ್ ಮಾಡಿ ಆನ್ ಮಾಡಿ ಸಾಕಾಯ್ತು ಗುರು. ನನ್ನದೂ ಕ್ಲಿಪ್ಪಾ?

ನಿರ್ವಾಹಕ
ದಯವಿಟ್ಟು ಬೇರೆ ಎಳೆ ತೆರೆಯಿರಿ. ಎರಡು ಯಂತ್ರದ ಉತ್ತರ ಕಲಸಿದರೆ ಓದುವವರಿಗೆ ಕಷ್ಟ.

ದಾವಣಗೆರೆ_ರಿಪೇರಿ
ಒಂದೇ ಮಾತಿನಲ್ಲಿ ಮುಗಿಸ್ತೀನಿ ನಿರ್ವಾಹಕರೇ. ಸರ್, ಆಫ್ ಮಾಡಬೇಡಿ. ಚಾರ್ಜರ್ ಹಾಕಿ, ಆನ್ ಮಾಡಿ, ಊಟಕ್ಕೆ ಹೋಗಿ. ಡಿಡಿಆರ್5ರಲ್ಲಿ ಹೊಸ ರ‍್ಯಾಮ್ ಕಂಡಾಗ ಬಯೋಸ್ ಅದರ ವೇಗ, ಸಮಯ ಎಲ್ಲ ಹೊಂದಿಸಿಕೊಳ್ಳುತ್ತದೆ. ಮೆಮೊರಿ ಟ್ರೇನಿಂಗ್ ಅಂತಾರೆ. ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗೇ ಇರಬಹುದು. ನೀವು ಆಫ್ ಮಾಡಿದಾಗಲೆಲ್ಲ ಅದು ಮತ್ತೆ ಮೊದಲಿಂದ ಶುರು.

ಜಯನಗರ_4ನೇ_ಬ್ಲಾಕ್
ಬಂತು. ಊಟ ಮುಗಿಯೋ ಮೊದಲೇ ಬಂತು. 🙏

ಸಿರ್ಸಿ_ಟೈಪಿಂಗ್
ಈಗ ನನ್ನ 8 ಜಿಬಿ ಕಥೆ ಏನು? ಮತ್ತೆ ಹಾಕಿ ನೋಡಲಾ? ಕ್ಲಿಪ್ ಸರಿಯಾಗಿ ಕೂರದೆ ಹೀಗಾಗಿದ್ದರೆ ಈಗ ಕೂರಿಸಬಹುದಲ್ಲ.

ದಾವಣಗೆರೆ_ರಿಪೇರಿ
ಹಾಕುವ ಮೊದಲು ಎರಡರ ಮೇಲಿನ ಚೀಟಿಯಲ್ಲಿ ಏನಿದೆಯೋ ಅಕ್ಷರ ಅಕ್ಷರ ಇಲ್ಲಿ ಬರೆಯಿರಿ. ಪಿಸಿ3 ಅಂತ ಶುರುವಾಗುವ ಸಾಲು.

ಸಿರ್ಸಿ_ಟೈಪಿಂಗ್
ಹಳೇದು: 4ಜಿಬಿ 1ಆರ್‌ಎಕ್ಸ್8 ಪಿಸಿ3ಎಲ್-12800ಎಸ್
ಹೊಸದು: 8ಜಿಬಿ 2ಆರ್‌ಎಕ್ಸ್8 ಪಿಸಿ3-12800ಎಸ್

ದಾವಣಗೆರೆ_ರಿಪೇರಿ
ಸಿಕ್ಕಿತು. ಹಳೇದರಲ್ಲಿ 3 ಆದ ಮೇಲೆ ಎಲ್ ಇದೆ, ಹೊಸದರಲ್ಲಿ ಇಲ್ಲ. ಆ ಒಂದಕ್ಷರಕ್ಕೇ ಇಷ್ಟೆಲ್ಲ. ಅದನ್ನು ಮತ್ತೆ ಹಾಕುವ ಅಗತ್ಯವೇ ಇಲ್ಲ.

ಕರಾವಳಿ_ಲಿನಕ್ಸ್
ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ ಇಲ್ಲದ ಡಿಡಿಆರ್3ಕ್ಕೆ 1.5 ವೋಲ್ಟ್ ಬೇಕು. ಕನಿಷ್ಠ 1.425 ಸಿಗಬೇಕು ಅಂತ ಅದರ ನಿಯಮ. ಎಲ್ ಇರುವುದು 1.35ರಲ್ಲಿ ನಡೆಯುತ್ತದೆ. ಈ ಕಮ್ಮಿ ವೋಲ್ಟೇಜಿನ ರೀತಿಯನ್ನು ಜೆಡೆಕ್ (ರ‍್ಯಾಮ್‌ಗಳಿಗೆ ನಿಯಮ ಮಾಡುವ ಸಂಸ್ಥೆ) 2010ರಲ್ಲಿ ಪ್ರಕಟಿಸಿತು, ಬ್ಯಾಟರಿ ಉಳಿಯಲಿ ಅಂತ. ನಿಮ್ಮ ಐ3-5005ಯು ಇಂಟೆಲ್‌ನ ಐದನೇ ತಲೆಮಾರಿನ ಪ್ರೊಸೆಸರ್. ಅದು ಡಿಡಿಆರ್3ಎಲ್ ಮಾತ್ರ ಒಪ್ಪುತ್ತದೆ, ಸ್ಲಾಟ್‌ಗೆ ಬರುವುದೇ 1.35.

ತಮಾಷೆ ಎಂದರೆ ಎರಡಕ್ಕೂ 204 ಪಿನ್, ಕಚ್ಚು ಕೂಡ ಒಂದೇ ಕಡೆ. ಡಿಡಿಆರ್4 ಆಗಿದ್ದರೆ 260 ಪಿನ್, ಕಚ್ಚು ಬೇರೆ ಕಡೆ, ಕೂರುತ್ತಲೇ ಇರಲಿಲ್ಲ. ಇದು ಬೀಗದೊಳಗೆ ಸಲೀಸಾಗಿ ಹೋಗಿ ತಿರುಗದ ಕೀಲಿಕೈ. ರ‍್ಯಾಮ್ ಮೇಲೆ ಒಂದು ಪುಟ್ಟ ಚಿಪ್ ಇರುತ್ತೆ, ನಾನು ಇಷ್ಟು ಜಿಬಿ, ನನಗೆ ಇಷ್ಟು ವೋಲ್ಟ್ ಅಂತ ಬಯೋಸ್‌ಗೆ ಹೇಳುವುದು ಅದೇ. 1.5 ಮಾತ್ರ ಅಂದರೆ ಎಷ್ಟೋ ಬಯೋಸ್‌ಗಳು ಅಲ್ಲೇ ಕೈ ಚೆಲ್ಲುತ್ತವೆ.

ಕಮ್ಮಿ ವೋಲ್ಟೇಜ್‌ನಿಂದ ಏನೂ ಸುಡುವುದಿಲ್ಲ, ಹಾಗಾಗಿ ಆ ರ‍್ಯಾಮ್ ಬಹುಶಃ ಚೆನ್ನಾಗೇ ಇದೆ.

ಹಳೇ_ಪೆಂಟಿಯಂ
ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಎಲ್ ಇರುವುದು, ಇಲ್ಲದ್ದು ಎರಡೂ ಒಟ್ಟಿಗೆ ಓಡುತ್ತಿವೆಯಲ್ಲ?

ಕರಾವಳಿ_ಲಿನಕ್ಸ್
ಎರಡನೇ, ಮೂರನೇ ತಲೆಮಾರಿನದಾಗಿದ್ದರೆ ಓಡುತ್ತದೆ. ಅಲ್ಲಿ ಸ್ಲಾಟ್‌ಗೆ 1.5 ಸಿಗುತ್ತದೆ. ಎಲ್ ಇರುವ ರ‍್ಯಾಮ್ 1.5ರಲ್ಲೂ ನಡೆಯುವಂತೆಯೇ ಮಾಡಿರುತ್ತಾರೆ. ಹೊಸದು ಹಳೇದರಲ್ಲಿ ನಡೆಯುತ್ತೆ, ಹಳೇದು ಹೊಸದರಲ್ಲಿ ನಡೆಯಲ್ಲ. ಲ್ಯಾಪ್‌ಟಾಪ್‌ನಲ್ಲಿ ಗೆರೆ ಎಳೆಯುವುದಾದರೆ ನಾಲ್ಕನೇ ತಲೆಮಾರು, ಅಂದರೆ 2013ರ ಹ್ಯಾಸ್‌ವೆಲ್‌ನಿಂದ ಈಚೆಗೆ ಎಲ್ ಇರುವುದನ್ನೇ ತಗೊಳ್ಳಿ.

ಸಿರ್ಸಿ_ಟೈಪಿಂಗ್
ಮಾರಿದವರಿಗೆ ಇದನ್ನೇ ಬರೆದೆ. "ಬೇರೆ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ, ಮಾಲು ಸರಿ ಇದೆ, ವಾಪಸ್ ಇಲ್ಲ" ಎಂದರು. ಪುಟದಲ್ಲಿ ಎರಡಕ್ಕೂ ಆಗುತ್ತದೆ ಅಂತ ಬರೆದದ್ದು ನೀವೇ ಅಲ್ವಾ ಅಂದರೆ ಉತ್ತರ ಇಲ್ಲ.

ಮೈಸೂರು_ಮಲ್ಲಿ
ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ದುಡ್ಡೇನೂ ಇಲ್ಲ. ಹೇಳಿದ ಮಾಲು ಒಂದು, ಕಳಿಸಿದ್ದು ಇನ್ನೊಂದು ಅಂದರೆ ನಿಮ್ಮ ಕಡೆ ನ್ಯಾಯ ಇದೆ.

ಸಿರ್ಸಿ_ಟೈಪಿಂಗ್
ದೂರು ಕೊಟ್ಟು ಕಾಯುವಷ್ಟು ಪುರುಸೊತ್ತಿಲ್ಲ ಬಿಡಿ. ಹುಬ್ಬಳ್ಳಿಗೆ ಹೋಗುವವರ ಕೈಲಿ ಪಿಸಿ3ಎಲ್ ಅಂತ ಚೀಟಿ ಬರೆದು ಕೊಟ್ಟು ಸೆಕೆಂಡ್ ಹ್ಯಾಂಡ್ 8 ಜಿಬಿಯೇ ತರಿಸಿದೆ. ಹಾಕಿದೆ, ಎರಡು ಟಕ್, ಒಂದೇ ಸಲಕ್ಕೆ ಆನ್ ಆಯಿತು. 12 ಜಿಬಿ ತೋರಿಸುತ್ತಿದೆ! 4 ಮತ್ತು 8 ಬೇರೆ ಬೇರೆ ಇದ್ದರೆ ತೊಂದರೆಯಾ?

ಕರಾವಳಿ_ಲಿನಕ್ಸ್
ತೊಂದರೆ ಇಲ್ಲ. ಎರಡರಿಂದಲೂ 4-4 ಜೋಡಿಯಾಗಿ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡೂ ಒಟ್ಟಿಗೆ, ನಡೆಯುತ್ತದೆ, ಉಳಿದ 4 ಒಂಟಿಯಾಗಿ. ಇಂಟೆಲ್ ಅದಕ್ಕೆ ಫ್ಲೆಕ್ಸ್ ಮೆಮೊರಿ ಅನ್ನುತ್ತದೆ. ನಿಮ್ಮ ಕೆಲಸಕ್ಕೆ ವ್ಯತ್ಯಾಸ ಗೊತ್ತೇ ಆಗಲ್ಲ.

ಸೆಕೆಂಡ್ ಹ್ಯಾಂಡ್ ಆದ್ದರಿಂದ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಂ ಓಡಿಸಿಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ವಾಪಸ್ ಕೊಡಿ. ಮುಖ್ಯವಾದ ಇನ್ನೊಂದು: ಅದು ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಅಲ್ವಾ? ಮುಂದಿನ ಖರ್ಚು ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇರಲಿ. ನಿಜ ಹೇಳಬೇಕೆಂದರೆ ನನ್ನನ್ನು ಮೊದಲೇ ಕೇಳಿದ್ದರೆ ರ‍್ಯಾಮ್‌ಗಿಂತ ಮುಂಚೆ ಅದನ್ನೇ ಹೇಳುತ್ತಿದ್ದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಐದನೇ ತಲೆಮಾರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಎಸ್‌ಎಸ್‌ಡಿ ಹಾಕುವ ದಿನ ಅದರ ಬಗ್ಗೆಯೂ ಮಾತಾಡೋಣ. ಲಿನಕ್ಸ್ ಅಂತ ಈಗಲೇ ಶುರು ಮಾಡಿದರೆ ನಿರ್ವಾಹಕರು ಓಡಿಸುತ್ತಾರೆ.

ಸಿರ್ಸಿ_ಟೈಪಿಂಗ್
ರಾತ್ರಿಯೆಲ್ಲ ಓಡಿಸಿದೆ. ಎರರ್ ಸೊನ್ನೆ. ಬೆಳಿಗ್ಗೆ ಅಂಗಡಿ ತೆರೆದು ಆರೇಳು ಟ್ಯಾಬ್ ಇಟ್ಟುಕೊಂಡೇ ಕೆಲಸ ಮಾಡಿದೆ, ಮೌಸ್ ನಿಲ್ಲಲಿಲ್ಲ. ಆ 1.5 ವೋಲ್ಟಿನದು ಡ್ರಾಯರ್‌ನಲ್ಲಿ ಬಿದ್ದಿದೆ, ಏನು ಮಾಡಲಿ?

ಹಳೇ_ಪೆಂಟಿಯಂ
ನನಗೆ ಕೊಡ್ತೀರಾ ಮೇಡಂ? ನನ್ನದು 2012ರದ್ದು, ಮೂರನೇ ತಲೆಮಾರಿನ ಐ5. ಒಂದರಲ್ಲಿ 4 ಇದೆ, ಇನ್ನೊಂದರಲ್ಲಿ 2. ಆ 2 ತೆಗೆದು ನಿಮ್ಮ 8 ಹಾಕ್ತೀನಿ. ನೀವು ಕೊಟ್ಟ ರೇಟಿಗೇ ತಗೊಳ್ತೀನಿ.

ಸಿರ್ಸಿ_ಟೈಪಿಂಗ್
ಅಷ್ಟು ಬೇಡ ಸರ್, ಪೋಸ್ಟ್ ಖರ್ಚು ಸೇರಿಸಿ ಅರ್ಧ ಕೊಡಿ. ವಿಳಾಸ ಮೆಸೇಜ್‌ನಲ್ಲಿ ಕಳಿಸಿ.

ದಾವಣಗೆರೆ_ರಿಪೇರಿ
ಕಳಿಸುವಾಗ ಮಾಮೂಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಬೇಡಿ ಅಕ್ಕ. ಹುಬ್ಬಳ್ಳಿಯಿಂದ ಬಂದ ರ‍್ಯಾಮ್‌ಗೆ ಬೂದು ಬಣ್ಣದ ಹೊಳೆಯುವ ಆಂಟಿಸ್ಟ್ಯಾಟಿಕ್ ಕವರ್ ಇತ್ತಲ್ಲ, ಅದರಲ್ಲೇ ಹಾಕಿ, ಮೇಲೆ ರಟ್ಟು ಕಟ್ಟಿ. ಪೆಂಟಿಯಂ ಸರ್, ನೀವು ಹಾಕುವಾಗ ಬ್ಯಾಟರಿ ತೆಗೆಯಿರಿ. ಆನ್ ಆಗದಿದ್ದರೆ ಫಾರ್ಮ್ಯಾಟ್ ಹೊಡೆಯಬೇಡಿ.